ಮಲ್ಲಿಗಮ್ಮನ ಹಲ್ಲಿನ ಕಷಾಯ

ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಮಲ್ಲಿಗಮ್ಮ ಕೊಡುತ್ತಿದ್ದ ಹಲ್ಲಿನ ಕಷಾಯಕ್ಕೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಜಾಲಿ ಚಕ್ಕೆ, ಬೇವಿನ ತೊಗಟೆ, ಉತ್ತರಾಣಿ ಬೇರು ಜಜ್ಜಿ ಹಾಕಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಕೊನೆಗೆ ಒಂದು ಹರಳು ಉಪ್ಪು ಬಿಡುವಳು. ವಸಡಿನಲ್ಲಿ ರಕ್ತ ಒಸರುವವರು, ಬಾಯಿಯ ನಾತಕ್ಕೆ ನಾಚಿ ಸೆರಗು ಮುಚ್ಚಿ ಮಾತಾಡುವ ಸೊಸೆಯರು ನಾಲ್ಕಾರು ದಿನ ಮುಕ್ಕಳಿಸಿ ಗುಣವಾಗುತ್ತಿದ್ದರು. ಅತ್ತೆಯಿಂದ ಬಂದ ವಿದ್ಯೆ. ಅವಳಿಗಿಂತ ಗಂಡ ಮಂಚಯ್ಯನಿಗೇ ಅದರ ಹೆಮ್ಮೆ ಹೆಚ್ಚು. ಸಂತೆಯಲ್ಲಿ ಯಾರಾದರೂ ಕೆನ್ನೆ ಹಿಡಿದು ನಿಂತಿದ್ದರೆ ತಾನೇ ಮಾತಾಡಿಸಿ ಮನೆಗೆ ಕರೆತರುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆಂಟರ ರಾಗಿ ಕೊಯ್ಲಿನ ಹೊತ್ತಿಗೆ ಅವನದೇ ಹುಳುಕು ದವಡೆಹಲ್ಲು ಕೆರಳಿತು. ಮಲ್ಲಿಗಮ್ಮ ಕಷಾಯ ಕಾಸಿ ಕೊಟ್ಟಳು. ಒಂದೆರಡು ದಿನದಲ್ಲಿ ನಾತ ಹೋಯಿತು, ವಸಡು ತಣ್ಣಗಾಯಿತು. ವಾಸಿಯಾಯಿತೆಂದು ಮಂಚಯ್ಯ ಕಣದಲ್ಲೆಲ್ಲ ಹೇಳಿಕೊಂಡು ಬಂದ. ಆದರೆ ಊಟಕ್ಕೆ ಕೂತಾಗ ಅವನ ಬಾಯಿ ಎರಡು ಬೆರಳಿನಷ್ಟೂ ತೆರೆಯದ್ದನ್ನು ಅವಳು ಕಂಡಳು. ಗದ್ದದ ಕೆಳಗೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಇಂಥ ಬಾವನ್ನು ಅವಳು ಹಿಂದೊಮ್ಮೆ ಕಂಡಿದ್ದಳು. ಆ ಹೆಂಗಸು ಉಳಿದಿರಲಿಲ್ಲ.

"ಇದು ನನ್ನ ಔಸ್ದಿಗೆ ಬಗ್ಗಾದಲ್ಲ. ಆಸನದ ಆಸ್ಪತ್ರೆಗೆ ಓಗಾನ, ಏಳಿ" ಎಂದಳು.

ಮಂಚಯ್ಯ ತಲೆಯಾಡಿಸಿದ. ಮಾತು ಹಲ್ಲಿನ ಸಂದಿಯಿಂದ ಬಂತು. "ಊರ್ಗೆಲ್ಲ ನಿನ್ ಔಸ್ದಿ. ನಾನೇ ಓಗಿ ಸೂಜಿ ಚುಚ್ಚುಸ್ಕಂಡ್ರೆ ನಾಳೀಕೆ ನಿನ್ ತಾವ ಯಾರಮ್ಮಿ ಬತ್ತಾರೆ?"

ಅವಳು ಅತ್ತಳು, ಬೈದಳು, ಮೈದುನ ಬೈರಯ್ಯನಿಂದ ಹೇಳಿಸಿದಳು. ಅವನು ಜಗ್ಗಲಿಲ್ಲ. ಇನ್ನೊಂದು ಚೊಂಬು ಕಷಾಯ ಕಾಸು ಎಂದ. ಗುಣವಾಗದೆಂದು ಗೊತ್ತಿದ್ದೂ ಅವಳು ಒಲೆ ಹಚ್ಚಿದಳು. ಮಾರನೆಯ ದಿನ ಉಗುಳನ್ನೂ ನುಂಗಲಾಗದೆ, ಮಲಗಿದರೆ ಉಸಿರು ಕಟ್ಟಿ, ಅವನು ಗೋಡೆಗೊರಗಿ ಕೂತ. ಆಗ ಬೈರಯ್ಯ ಅವನ ಒಪ್ಪಿಗೆ ಕೇಳದೆ ಗಾಡಿ ಕಟ್ಟಿದ.

ಹಾಸನದ ಆಸ್ಪತ್ರೆಯಲ್ಲಿ ಪೆನ್ಸಿಲಿನ್ ಕೊಟ್ಟರು, ಕತ್ತು ಕೊಯ್ದು ಕೀವು ತೆಗೆದರು. ಬೆಳಗಾಗುವಷ್ಟರಲ್ಲಿ ಮಂಚಯ್ಯ ತೀರಿಕೊಂಡ. ಏನು ಔಷಧಿ ಮಾಡಿದ್ದೆಯೆಂದು ಡಾಕ್ಟರು ಕೇಳಿದ್ದಕ್ಕೆ ಅವಳು ಒಂದೊಂದೇ ಹೇಳಿದಳು. ಅವರು ಗದರಲಿಲ್ಲ. "ಬಾಯೊಳಗಿನ ಕ್ರಿಮಿಗಳು ಅದರಿಂದ ಸಾಯುತ್ತವಮ್ಮ, ಸುಳ್ಳಲ್ಲ. ಹಲ್ಲಿನ ಬೇರಿಂದ ಕತ್ತಿಗೆ ಇಳಿದದ್ದನ್ನು ಅದು ಮುಟ್ಟೋದಿಲ್ಲ" ಎಂದರು. ಗದರಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ತಿಥಿ ಕಳೆದ ಮೇಲೆ ಜನ ಮತ್ತೆ ಬಂದರು. ವಸಡಿನ ನೋವಿಗೆ ಕಷಾಯ ಕೊಟ್ಟಳು, ಎಂದಿನಂತೆ ವಾಸಿಯಾಯಿತು. ಬಾವು ಬಂದವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಹಾಸನಕ್ಕೆ ಹೋಗಿ ಎನ್ನುತ್ತಿದ್ದಳು. ಗಂಡನ ಜೊತೆಗೇ ಅವಳ ಕೈಗುಣ ಹೋಯಿತೆಂದು ಊರು ಆಡಿಕೊಂಡಿತು. ಬರುವವರು ಕಡಿಮೆಯಾದರು.

ಮುಂದಿನ ವರ್ಷ ಕೆಳಗಿನ ಬೀದಿಯ ಪಾಪಯ್ಯ ಊದಿದ ದವಡೆ ಹೊತ್ತು ಬಂದ. ಮಲ್ಲಿಗಮ್ಮ ಅವನ ಕೈ ಹಿಡಿದುಕೊಂಡಳು.

"ಪಾಪಣ್ಣ, ನಿನ್ ಕಾಲ್ಗೆ ಬೀಳ್ತೀನಿ, ಈಗ್ಲೇ ಬಸ್ ಅತ್ತು."

ಆಗಲಿ ಎಂದು ಹೋದ. ಬಸ್ಸಿನ ಕಡೆಗೇ ನಡೆದದ್ದನ್ನು ಅವಳು ಕಣ್ಣಾರೆ ಕಂಡಳು. ಆದರೆ ದಾರಿಯಲ್ಲಿ ಯಾರೋ, ಧೈರ್ಯಗೆಟ್ಟ ಹೆಂಗಸಿನ ಮಾತು ಕೇಳ್ತೀಯಾ ಎಂದು ತಿರುಗಿಸಿ, ಕೆನ್ನೆಗೆ ಬಿಸಿ ಪಟ್ಟು ಕಟ್ಟಿ ಕಳಿಸಿದ್ದರು. ಪಾಪಯ್ಯನ ಹೆಣ ಎತ್ತಿದ ದಿನ, ನೀರು ಸೇದಲು ಹೋದ ಬಾವಿಯ ಹತ್ತಿರ ಹೆಂಗಸರ ಬಾಯಿಂದ ಅವಳಿಗೆ ಇದು ತಿಳಿಯಿತು.

ಯಾರು ಅಂತ ಅವಳು ಕೇಳಲಿಲ್ಲ. ನೀರು ತುಂಬಿದ ಕೊಡ ಬಾವಿಕಟ್ಟೆಯ ಮೇಲೇ ಇತ್ತು. ಅದನ್ನು ಸೊಂಟಕ್ಕೇರಿಸುವಷ್ಟು ಶಕ್ತಿ ಬರುವವರೆಗೆ ಅಲ್ಲೇ ಕೂತಿದ್ದಳು.