ತೊಟ್ಟಿಲೊಳಗಿನ ಕೂದಲು

ಸತ್ತೂರಿನ ನಮ್ಮ ಓಣಿಯಲ್ಲಿ ನಿಂತರೆ ದೊಡ್ಡ ದವಾಖಾನೆಯ ದೀಪಗಳು ಕಾಣಿಸುತ್ತವೆ. ಆದರೂ ನಮ್ಮವರಿಗೆ ಮೈಗೆ ಏನಾದರೂ ಆದರೆ ಮೊದಲು ನೆನಪಾಗುವುದು ದೃಷ್ಟಿ, ಆಮೇಲೆ ಗಾಳಿ, ಅದಾದ ಮೇಲೆ ಮಾಟ. ದವಾಖಾನೆ ಎಲ್ಲಕ್ಕೂ ಕೊನೆಗೆ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಳ್ಳಲ್ಲ. ನಾನು ಬಾಳವ್ವ, ಅಮೀನಾಬಿಯ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವರ ಮನೆಯಲ್ಲಿ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅಮೀನಾಬಿಯ ಸೊಸೆ ತಸ್ಲೀಮಾ ಗಬ್ಬೂರಿನ ತವರಲ್ಲಿ ಹಡೆದು, ಗಂಡುಕೂಸು ಫರಾಜನನ್ನು ಎತ್ತಿಕೊಂಡು ಬಂದಳು. ಸೊಂಟದ ಕೆಳಗೆ ಇಳಿಯುವ ಜಡೆ ಅವಳದು. ಬಂದ ಸ್ವಲ್ಪ ದಿನಕ್ಕೇ ಆ ಜಡೆ ಸಣ್ಣಗಾಗತೊಡಗಿತು. ಹಣಿಗೆ ಆಡಿಸಿದರೆ ಹಿಡಿ ಹಿಡಿ ಕಿತ್ತು ಬರುತ್ತಿತ್ತು. ಮುಂಜಾನೆ ತಲೆದಿಂಬು ಕಪ್ಪಾಗಿರುತ್ತಿತ್ತು. ಕಲಸಿಟ್ಟ ಹಿಟ್ಟಿನಲ್ಲಿ ಕೂದಲು, ಕುಡಿಯುವ ನೀರಿನಲ್ಲಿ ಕೂದಲು. ಫ್ಯಾನು ತಿರುಗಿದರೆ ಕೂದಲಿನ ಉಂಡೆಗಳು ಗೋಡೆಯ ಬುಡದಲ್ಲಿ ತಾವಾಗಿಯೇ ಉರುಳುತ್ತ ಹೋಗಿ ತೊಟ್ಟಿಲ ಕೆಳಗೆ ನಿಲ್ಲುತ್ತಿದ್ದವು. ಒಂದು ದಿನ ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತು.

"ಇದು ಬರೇ ಉದರೂದಲ್ಲ, ಬಾಳಕ್ಕಾ," ಅಮೀನಾಬಿ ದನಿ ಇಳಿಸಿ ಹೇಳಿದಳು. "ಯಾರೋ ಎಳದು ಎಳದು ಒಯ್ಯಾಕತ್ತಾರ."

"ಯಾರ ಒಯ್ತಾರವಾ?"

"ಆ ಸಾವಂತ್ರೆವ್ವ. ಮತ್ಯಾರು?"

ಸಾವಂತ್ರೆವ್ವ ಓಣಿ ಓಣಿ ತಿರುಗಿ ಉದುರಿದ ಕೂದಲು ಕೊಂಡು, ಬದಲಿಗೆ ಪಿನ್ನು, ಸ್ಟೀಲಿನ ಬಟ್ಟಲು ಕೊಡುವ ಬಡ ಹೆಣ್ಣುಮಗಳು. ಹಣಿಗೆಗೆ ಬಂದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಅವಳು ಬಂದಾಗ ಕೊಡುವುದು ನಮ್ಮಲ್ಲಿ ಎಲ್ಲರ ರೂಢಿ. ತಸ್ಲೀಮಾಳೂ ಒಂದು ಬಟ್ಟಲಿಗೆ ತನ್ನ ಕೂದಲು ಕೊಟ್ಟಿದ್ದಳು. ಅದರಿಂದಲೇ ಮಾಟವಾಗಿದೆ ಎಂದು ಮಾಟ ತೆಗೆಯುವವನೊಬ್ಬ ಹೇಳಿಬಿಟ್ಟ.

"ಇನ್ನ ಮ್ಯಾಲ ಈಕಿ ಕೂದಲಾ ಒಂದೂ ಹೊಸ್ತಿಲಾ ದಾಟಬಾರದು," ಎಂದ. "ಅಮಾಸಿ ತನಕಾ ಕಸಾ ಹೊಡಿಬ್ಯಾಡ್ರಿ, ತಲಿಗೆ ನೀರ ಹಾಕಬ್ಯಾಡ್ರಿ. ತತ್ತಿ, ಮಾಂಸಾ ಮುಟ್ಟಸಬ್ಯಾಡ್ರಿ."

ನಾನು ಸುಮ್ಮನಿರಲಿಲ್ಲ. "ಬುದ್ಧಿ ಎಲ್ಲಿ ಇಟ್ಟೀಯವಾ? ಬಾಣಂತಿ ಹೊಟ್ಟಿಗಿ ಹಾಕು ಮೊದಲ," ಎಂದು ಅಮೀನಾಬಿಗೆ ಹೇಳಿದೆ.

"ನಿನಗೇನ ಗೊತ್ತ ಆಗತೈತಿ? ನಿನ್ನ ಸೊಸಿ ತಲಿ ತುಂಬಾ ಕೂದಲಾ ಅದಾವು," ಎಂದು ಬಾಗಿಲು ಹಾಕಿಕೊಂಡಳು.

ಆ ಮನೆಯಲ್ಲಿ ಕಸಬರಿಗೆ ಮೂಲೆ ಸೇರಿತು. ಕೂದಲು ಚಾದರಕ್ಕೆ, ಕೂಸಿನ ಟೊಪ್ಪಿಗೆಗೆ, ತೊಟ್ಟಿಲ ಬಟ್ಟೆಗೆ ಅಂಟಿಕೊಂಡಿತು. ತಸ್ಲೀಮಾ ಬಿಳಚಿಕೊಂಡು ಗೋಡೆ ಹಿಡಿದು ನಡೆಯುವಂತಾದಳು. ಕನ್ನಡಿ ಕಂಡರೆ ಹೆದರುತ್ತಿದ್ದಳು. "ಹಿಂದ ಯಾರೋ ನಿಂತಂಗ ಅನ್ನಿಸ್ತೈತ್ರಿ," ಎಂದು ನನ್ನ ಕೈ ಹಿಡಿದಳು. ಆ ಕೈ ಥಣ್ಣಗಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಮುಂಜಾನೆಯಿಂದಲೇ ಫರಾಜ ಅಳತೊಡಗಿದ. ಹಸಿವಿನ ಅಳುವಲ್ಲ ಅದು. ಚೀರಿ ಚೀರಿ ಉಸಿರು ಹಿಡಿದು, ಮತ್ತೆ ಚೀರುವ ಅಳು. ಹಾಲು ಕೊಟ್ಟರೆ ಒಲ್ಲ, ತೊಟ್ಟಿಲು ತೂಗಿದರೆ ಇನ್ನೂ ಜೋರು. ಅಳು ಕೇಳಲಾರದೆ ನಾನು ಅವರ ಮನೆಗೆ ಓಡಿದೆ. ಅಮೀನಾಬಿ ದೃಷ್ಟಿ ತೆಗೆಯಲು ಕೂಸಿಗೆ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದ್ದಳು. ಹೊಗೆ ಎದ್ದಿತು, ಘಾಟು ಬರಲಿಲ್ಲ.

"ನೋಡ್ರಿ! ಘಾಟ ಸೈತ ಇಲ್ಲ. ಕೂದಲಾ ಆತು, ಈಗ ಕೂಸಿಗೆ ಕೈ ಹಾಕ್ಯಾಳ! ಅಯಾಜಾ, ಆ ಸಾವಂತ್ರೆವ್ವನ್ನ ಎಳಕೊಂಡ ಬಾ!" ಎಂದು ಮಗನಿಗೆ ಕೂಗಿದಳು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ತಸ್ಲೀಮಾಳ ಗಂಡ ಅಯಾಜ, ರಿಪೇರಿಗೆ ಬಂದು ಬಾಗಿಲಲ್ಲಿ ನಿಂತಿದ್ದ ರಿಕ್ಷಾದ ಚಾವಿಯನ್ನು ಸಿಟ್ಟಿನಿಂದ ತೆಗೆದುಕೊಂಡ.

ಪುಣ್ಯಕ್ಕೆ ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಭಾಗ್ಯಶ್ರೀ ಕೂಸಿನ ಚುಚ್ಚುಮದ್ದಿನ ದಿನ ನೆನಪಿಸಲು ಬಂದಳು. ಅಳು ಕೇಳಿ ಚಪ್ಪಲಿ ಬಿಟ್ಟವಳೇ ನೇರ ತೊಟ್ಟಿಲಿಗೆ ಹೋದಳು.

"ಖಾಲಾ, ಕೂಸಿನ ಬಟ್ಟಿ ಎಲ್ಲಾ ಬಿಚ್ಚರಿ," ಎಂದಳು ಅಮೀನಾಬಿಗೆ.

"ಥಂಡಿ ಆಗತೈತಿ. ಮಾಟ ತಾಕಿದ ಕೂಸು, ಬರೇ ಮೈಲೆ ಇಡಬಾರದು."

"ಅಳೂ ಕೂಸಿನ ಮೈ ನೋಡದ ಹೆಂಗ ಹೇಳೂದ್ರಿ? ಬಿಚ್ಚರಿ, ಲಗೂ!"

ಟೊಪ್ಪಿಗೆ ತೆಗೆದರು, ಅಂಗಿ ತೆಗೆದರು, ಏನೂ ಇಲ್ಲ. ಎಡಗಾಲಿನ ಕಾಲುಚೀಲ ಎಳೆದರು. ನಡುಬೆರಳು ನೇರಳೆ ಹಣ್ಣಿನಂತೆ ಕಪ್ಪಾಗಿ ಊದಿತ್ತು. ಬುಡದಲ್ಲಿ ಯಾರೋ ದಾರ ಬಿಗಿದಂತೆ ಆಳವಾದ ಗೆರೆ. ದಾರ ಮಾತ್ರ ಕಾಣಲಿಲ್ಲ. ಒಂದು ಗಳಿಗೆ ನನಗೂ ಇದು ಮಾಟವೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಭಾಗ್ಯಶ್ರೀ ಕಾಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಕೂದಲಾ, ಖಾಲಾ. ತಸ್ಲೀಮಾನ ಕೂದಲಾ. ಬೆರಳಿಗೆ ಸುತ್ತಿ ಬಿಗದೈತಿ."

ಅಮೀನಾಬಿ ಕೀಳಲು ಕೈ ಚಾಚಿದಳು.

"ಮುಟ್ಟಬ್ಯಾಡ್ರಿ! ಒಳಗ ಕೊರದ ಕುಂತೈತಿ. ದವಾಖಾನಿಗೆ ನಡೀರಿ. ತಡಾ ಆದ್ರ ಬೆರಳ ಹೋಗತೈತಿ."

ಸಾವಂತ್ರೆವ್ವನನ್ನು ಎಳೆತರಲು ಹೊರಟಿದ್ದ ಅಯಾಜ ನಮ್ಮನ್ನೆಲ್ಲ ರಿಕ್ಷಾದಲ್ಲಿ ತುಂಬಿಕೊಂಡು ದವಾಖಾನೆಗೆ ಹಾರಿಸಿದ. ಡಾಕ್ಟರು ಭೂತಗನ್ನಡಿ ಹಿಡಿದು ಚರ್ಮದೊಳಗೆ ಹೂತ ಕೂದಲನ್ನು ಕತ್ತರಿಸಿ ತೆಗೆದರು. ಅಳು ಒಮ್ಮೆಲೇ ನಿಂತಿತು. ಆ ಮೌನಕ್ಕೆ ನಾವೆಲ್ಲ ಇನ್ನಷ್ಟು ಹೆದರಿದೆವು. ಆಮೇಲೆ ಬೆರಳಿಗೆ ಮೆಲ್ಲಗೆ ಕೆಂಪು ಬಣ್ಣ ಮರಳಿತು.

"ಬೆರಳ ಉಳೀತು," ಎಂದರು ಡಾಕ್ಟರು.

"ಮತ್ತ ಈಕಿ ಕೂದಲಾ ಯಾರ ಒಯ್ಯಾಕತ್ತಾರ್ರೀ?" ಅಮೀನಾಬಿ ಇನ್ನೂ ಬಿಡಲಿಲ್ಲ.

"ಯಾರೂ ಒಯ್ದಿಲ್ಲರಿ. ಬಸರಿದ್ದಾಗ ಉದರಬೇಕಾದ ಕೂದಲಾ ಉದರದ ನಿಂತಿರತಾವು. ಹಡದು ಎರಡ ಮೂರ ತಿಂಗಳಾದ ಮ್ಯಾಲ ಎಲ್ಲಾ ಕೂಡೇ ಉದರತಾವು. ಭಾಳ ಮಂದಿ ಬಾಣಂತ್ಯಾರಿಗೆ ಹಿಂಗ ಆಗತೈತಿ. ಕೂಸಿಗೆ ವರ್ಷ ತುಂಬೂದ್ರಾಗ ಸಾಮಾನ್ಯ ಎಲ್ಲಾ ತಿರಗಿ ಬರತಾವು. ಆದ್ರ ಈಕಿ ಮುಖದಾಗ ರಕ್ತನ ಇಲ್ಲ. ಉಪಾಸ ಕೆಡವಿದ್ರ ಕೂದಲಾ ಎಲ್ಲಿಂದ ಬರಬೇಕ್ರೀ?"

ಅಮೀನಾಬಿ ಮೊಮ್ಮಗನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು ಗಳಗಳ ಅತ್ತಳು. "ಮನ್ಯಾಗ ಕೂದಲಾ ಕೂಡಿಹಾಕಿದಾಕಿ ನಾನ. ಇದನ್ನ ಈ ಬೆರಳಿಗೆ ಸುತ್ತಿದಾಕೀನೂ ನಾನ."

ಮನೆಗೆ ಬಂದವಳೇ ತಾನೇ ಕಸ ಹೊಡೆದು, ಸೊಸೆಯ ತಲೆಗೆ ನೀರು ಹಾಕಿ, ತತ್ತಿ ಸಾರು ಮಾಡಿ ಉಣಿಸಿದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು ಎಂದು ಈಗ ಓಣಿಗೆಲ್ಲ ಅವಳೇ ಪಾಠ ಹೇಳುತ್ತಾಳೆ. ಸಾವಂತ್ರೆವ್ವನನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಕೈ ಮುಗಿದಳು. ತಸ್ಲೀಮಾಳ ಹಣೆಯಂಚಿನಲ್ಲಿ ಹೊಸ ಕೂದಲು ಗಿಡ್ಡಗೆ ನೆಟ್ಟಗೆ ನಿಂತಿವೆ.

ಅಕ್ಕತಂಗಿಯರೇ, ಹಡೆದ ಮೇಲೆ ಕೂದಲು ಉದುರಿದರೆ ಹೆದರಬೇಡಿ. ಹೊಟ್ಟೆ ತುಂಬ ಉಣ್ಣಿ. ಬೇಳೆ, ಸೊಪ್ಪು, ಹಾಲು, ತತ್ತಿ ಬಿಡಬೇಡಿ. ಕೂಸಿಗೆ ಮೊಲೆಹಾಲು ನಿಲ್ಲಿಸಬೇಡಿ. ಕಂಡ ಕಂಡ ಎಣ್ಣೆ ತಲೆಗೆ ಸುರಿಯಬೇಡಿ. ತಲೆಯಲ್ಲಿ ದುಂಡಗೆ ಬೋಳಾದರೆ, ತುರಿಕೆ ಎದ್ದರೆ, ಸುಸ್ತು ಹೆಚ್ಚಾದರೆ, ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಜಡೆ ಕಟ್ಟಿಕೊಂಡು ಕೂಸನ್ನು ಎತ್ತಿಕೊಳ್ಳಿ, ಅದರ ಬಟ್ಟೆ ಝಾಡಿಸಿ ತೊಡಿಸಿ. ಕೂಸು ಸಮಾಧಾನವಿಲ್ಲದೆ ಚೀರುತ್ತಿದ್ದರೆ ಕೈಬೆರಳು, ಕಾಲ್ಬೆರಳು, ಗಂಡುಕೂಸಾದರೆ ಉಚ್ಚೆಯ ಜಾಗ, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ. ದೆವ್ವವನ್ನು ಆಮೇಲೆ ಹುಡುಕಿದರಾಯಿತು. ಮೊದಲು ಕಾಲುಚೀಲ ಬಿಚ್ಚಿ.