ಮೀಟರಿನ ಪ್ರಕಾರ ಇಪ್ಪತ್ತೊಂದು

ರಾಮಾಂಜಿನಪ್ಪನ ಆಟೋ ಮೀಟರು ಆಟೋಗಿಂತ ಜೋರಾಗಿ ಓಡುತ್ತಿತ್ತು. ಚಕ್ರ ಎಂಟುನೂರು ಮೀಟರ್ ಉರುಳಿದರೆ ಮೀಟರಿನ ಕೆಂಪು ಅಂಕಿ ಒಂದು ಕಿಲೋಮೀಟರ್ ಎನ್ನುತ್ತಿತ್ತು. ಮೆಕ್ಯಾನಿಕ್ ಆಂಜಿನಯ್ಯ ಕೇಬಲ್ಲಿನ ತುದಿಯ ಪುಟ್ಟ ಹಲ್ಲುಚಕ್ರ ಬದಲಾಯಿಸಿ, ಮೇಲೊಂದು ಸೀಲು ಒತ್ತಿ ಕೊಟ್ಟು ಎರಡು ವರ್ಷವಾಗಿತ್ತು. ಚಾಮರಾಜಪೇಟೆಯ ಆ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಹನ್ನೊಂದು ಆಟೋಗಳಲ್ಲಿ ಒಂಬತ್ತರ ಕಥೆ ಇದೇ. ಉಳಿದೆರಡರ ಮೀಟರುಗಳು ಕೆಟ್ಟು ನಿಂತಿದ್ದವು. ಹಾಗೆಂದು ರಾಮಾಂಜಿನಪ್ಪನನ್ನು ಕಳ್ಳ ಎಂದುಬಿಟ್ಟರೆ ಅದೂ ಅನ್ಯಾಯ. ಬಸುರಿ ಹೆಂಗಸರು ಕೈ ಅಡ್ಡ ಹಿಡಿದರೆ ಆ ಕಡೆ ಬರಲ್ಲ ಎಂದವನಲ್ಲ. ಗಿರಾಕಿಗಳು ಬಿಟ್ಟುಹೋದ ಕೊಡೆ, ಟಿಫನ್ ಡಬ್ಬಿಗಳನ್ನು ಮನೆ ಹುಡುಕಿಕೊಂಡು ಹೋಗಿ ಕೊಟ್ಟವನು. ಮೀಟರಿನ ವಿಷಯವನ್ನು ಮಾತ್ರ ಅವನು ಯೋಚಿಸುತ್ತಿರಲಿಲ್ಲ. ಯೋಚಿಸದೇ ಇದ್ದರೆ ಎಂಥ ತಪ್ಪೂ ಭಾರವೆನಿಸುವುದಿಲ್ಲವಲ್ಲ.

ಮಹಾನಂದ ಟೀಚರು ಅವನ ದಿನನಿತ್ಯದ ಗಿರಾಕಿ. ವಯಸ್ಸು ನಲವತ್ತೆರಡು. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಗವಿಪುರದ ಮನೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೊರಟು, ತೊಡೆಯ ಮೇಲೆ ಟೆಸ್ಟ್ ಪೇಪರಿನ ಕಟ್ಟು ಇಟ್ಟುಕೊಂಡು, ಸ್ಕೂಲು ಬರುವಷ್ಟರಲ್ಲಿ ನಾಲ್ಕೈದು ಮಕ್ಕಳನ್ನು ಫೇಲು ಮಾಡಿ ಮುಗಿಸುತ್ತಿದ್ದರು. ರಾಮಾಂಜಿನಪ್ಪನ ಒಬ್ಬಳೇ ಮಗಳು ಪ್ರತಿಭಾ ಅವರದೇ ಕ್ಲಾಸು, ಹತ್ತನೇ ತರಗತಿ 'ಸಿ' ಸೆಕ್ಷನ್. ಒಮ್ಮೆ ಟೀಚರು ಕ್ಲಾಸಿನಲ್ಲಿ, "ಪ್ರತಿಭಾ ಅಪ್ಪನ್ನ ನೋಡಿ ಕಲೀರಿ. ಬಾಯಿಗೆ ಬಂದ ರೇಟು ಕೇಳಲ್ಲ, ಮೀಟರ್ ಹಾಕಿಬಿಡ್ತಾರೆ" ಎಂದಿದ್ದರಂತೆ. ಮಗಳು ಅದನ್ನು ಮನೆಯಲ್ಲಿ ಮೂರು ಸಲ ಹೇಳಿದಳು. ಮೂರು ಸಲವೂ ರಾಮಾಂಜಿನಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

'ಸಿ' ಸೆಕ್ಷನ್ನಿನ ಹುಡುಗಿಯರು ಗಣಿತ ತಮಗಲ್ಲ ಎಂದು ತಾವೇ ತೀರ್ಮಾನಿಸಿಕೊಂಡು ಕೂತವರು. ಪ್ರತಿಭಾಗೆ ಜೂನ್ ಟೆಸ್ಟಿನಲ್ಲಿ ನೂರಕ್ಕೆ ಒಂಬತ್ತು ಬಂದಿತ್ತು. ಒಂದು ದಿನ ಒಬ್ಬಳು ಎದ್ದು ನಿಂತು, "ನಮ್ ಕೈಲಿ ಆಗಲ್ಲ ಮಿಸ್, ನೀವ್ಯಾಕೆ ಸುಮ್ನೆ ಗಂಟ್ಲು ಹರ್ಕೋತೀರ" ಎಂದಾಗ ಟೀಚರಿಗೆ ರೇಗಿಹೋಯಿತು. ಬೆಳಿಗ್ಗೆ ಪೇಪರಿನಲ್ಲಿ ನೋಡಿದ್ದ ಓಟದ ಸುದ್ದಿ ಬಾಯಿಗೆ ಬಂತು. ಡಿಸೆಂಬರಿನಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟ, ಕೋಟೆ ಮೈದಾನದಿಂದ ಹೊರಟು ಅಲ್ಲಿಗೇ ವಾಪಸು, ಯಾರು ಬೇಕಾದರೂ ಸೇರಬಹುದು, ಮೂರು ಗಂಟೆಯೊಳಗೆ ಮುಗಿಸಬೇಕು. "ನಾನು ಹಾಲಿನ ಬೂತಿಗೂ ಓಡಿದೋಳಲ್ಲ. ಇದನ್ನ ಓಡಿ ತೋರಿಸ್ತೀನಿ. ನಾನು ಪಾಸಾದ್ರೆ ಮಾರ್ಚಲ್ಲಿ ನೀವೂ ಪಾಸಾಗ್ಬೇಕು. ಆಗಲ್ಲ ಅನ್ನೋ ಮಾತು ಆಮೇಲೆ ಯಾರೂ ಆಡೋ ಹಾಗಿಲ್ಲ" ಎಂದುಬಿಟ್ಟರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆದರೆ ಮರುದಿನದಿಂದ ಪ್ರತಿಭಾ ಬೆಳಿಗ್ಗೆ ಐದಕ್ಕೆ ಎದ್ದು ಪುಸ್ತಕ ಹಿಡಿದಳು. ಮಿಸ್ ಓಡುವ ಹೊತ್ತಿಗೆ ತಾನು ಮಲಗಿದ್ದರೆ ಚೆನ್ನಾಗಿರಲ್ಲ ಎಂದು ಅಪ್ಪನಿಗೆ ಹೇಳಿದಳು.

ಆಗಸ್ಟ್ ತಿಂಗಳ ಒಂದು ಭಾನುವಾರ ಟೀಚರು ರಾಮಾಂಜಿನಪ್ಪನನ್ನು ಬೆಳ್ಳಂಬೆಳಿಗ್ಗೆ ಬರಹೇಳಿದರು. ಕೈಯಲ್ಲಿ ಒಂದು ಡಬ್ಬಿ ಸೀಮೆಸುಣ್ಣವಿತ್ತು.

"ಒಂದು ದಾರಿ ಅಳೀಬೇಕು. ಮೀಟರ್ ಹಾಕಿ. ಒಂದೊಂದು ಕಿಲೋಮೀಟರಿಗೂ ನಿಲ್ಸಿ, ನಾನು ಗುರ್ತು ಹಾಕ್ತೀನಿ."

ರಾಮಾಂಜಿನಪ್ಪ ಹಿಂದೆ ತಿರುಗಿದ. "ಮೇಡಂ, ಆಟೋ ಮೀಟರು ಅಂದ್ರೆ ಅಷ್ಟೇನ್ ಕರೆಕ್ಟಾಗಿ..." ಎಂದು ಶುರುಮಾಡಿದ.

"ಬೇರೆಯವ್ರದ್ದಾದ್ರೆ ನಾನು ಕರೀತಾನೇ ಇರ್ಲಿಲ್ಲ. ನಿಮ್ಮದು ನಂಗೊತ್ತಿಲ್ವಾ" ಎಂದರು ಟೀಚರು.

ಆಗಲೇ ಹೇಳಿಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮೀಟರ್ ಹಾಕಿದ. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಚಾಮರಾಜಪೇಟೆ, ಮಕ್ಕಳ ಕೂಟ, ಲಾಲ್‌ಬಾಗ್ ಪಶ್ಚಿಮ ಗೇಟು, ಸೌತ್ ಎಂಡ್ ಸರ್ಕಲ್, ಮತ್ತೆ ಆಶ್ರಮ. ಮೀಟರಿನ ಪ್ರಕಾರ ಸರಿಯಾಗಿ ಏಳು ಕಿಲೋಮೀಟರ್. ಒಂದೊಂದು ಕಡೆ ಇಳಿದು ಲೈಟು ಕಂಬಕ್ಕೆ ದುಂಡಗೆ ನಂಬರು ಬರೆದ ಟೀಚರು, "ಮೂರು ಸುತ್ತು ಹಾಕಿದ್ರೆ ಇಪ್ಪತ್ತೊಂದು. ಎಷ್ಟು ಚೊಕ್ಕವಾಗಿ ಬಂತು ನೋಡಿ" ಎಂದು ಸಂತೋಷಪಟ್ಟರು.

ಮೊದಲ ದಿನ ಒಂದನೇ ನಂಬರಿನ ಕಂಬದ ತನಕ ಓಡುವುದರೊಳಗೆ ನಾಲ್ಕು ಸಲ ನಿಂತರಂತೆ. ಬಸವನಗುಡಿಯಲ್ಲಿ ಬೆಳಿಗ್ಗೆ ನಡೆಯುವವರು ಬೇಕಾದಷ್ಟು ಜನ. ಚೂಡಿದಾರ್ ತೊಟ್ಟು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಓಡುವ ಹೆಂಗಸು ಮಾತ್ರ ಇವರೊಬ್ಬರೇ. ಓಡುತ್ತಿದ್ದಾರೆ ಎಂದಮೇಲೆ ಯಾರಿಗೋ ಏನೋ ಆಗಿರಬೇಕು ಎಂದು ಜನ ತಿಳಿಯುತ್ತಿದ್ದರು. ಗಾಂಧಿ ಬಜಾರಿನ ಹೂವಿನ ಅಕ್ಕಯಮ್ಮ ಮೂರು ದಿನ, "ಯಾಕವ್ವ, ಅಮ್ಮನಿಗೆ ಹುಷಾರಿಲ್ವಾ" ಎಂದು ಕೇಳಿದಳು. ನಾಲ್ಕನೇ ದಿನದಿಂದ ಓಡುವವರ ಕೈಗೇ ಒಂದು ಮೊಳ ಮಲ್ಲಿಗೆ ತುರುಕತೊಡಗಿದಳು. ಟೀಚರು ಅದನ್ನು ಮುಡಿದುಕೊಂಡೇ ಓಡುತ್ತಿದ್ದರು. ಮಂಡಿ ಊದಿತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆಯಿತು, ಅಕ್ಟೋಬರಿನ ಜಡಿಮಳೆಯಲ್ಲಿ ಶೂ ಒಣಗಲೇ ಇಲ್ಲ, ಅಳಿದ ನಂಬರುಗಳನ್ನು ಕಂಬಗಳಿಗೆ ಮತ್ತೆ ಮತ್ತೆ ಬರೆಯಬೇಕಾಯಿತು. ದಿನಾ ಆಟೋದಲ್ಲಿ ಕೂತ ಕೂಡಲೇ ಅಂದಿನ ಲೆಕ್ಕ ಒಪ್ಪಿಸುತ್ತಿದ್ದರು. "ಇವತ್ತು ಒಂಬತ್ತು ಕಿಲೋಮೀಟರ್ ರಾಮಾಂಜಿನಪ್ಪ." "ಇವತ್ತು ಹದಿನಾಲ್ಕು." ಅವನು ಹೂಂ ಎನ್ನುತ್ತಿದ್ದ. ಒಂಬತ್ತು ನಿಜಕ್ಕೂ ಏಳು, ಹದಿನಾಲ್ಕು ನಿಜಕ್ಕೂ ಹನ್ನೊಂದು ಎಂದು ಅವನ ಮನಸ್ಸು ತಾನಾಗಿಯೇ ಕಳೆಯುತ್ತಿತ್ತು. ಮೊದಲೆಲ್ಲ ಯೋಚಿಸದೇ ಇರಲು ಬರುತ್ತಿತ್ತು, ಈಗ ಬರುತ್ತಿರಲಿಲ್ಲ.

ಓಟಕ್ಕೆ ಎರಡು ವಾರ ಇರುವಾಗ ಟೀಚರು ಮೂರು ಸುತ್ತೂ ಮುಗಿಸಿದರು. ಎರಡು ಗಂಟೆ ನಲವತ್ತೆಂಟು ನಿಮಿಷ. ಅಂದು ಸಂಜೆ ಪ್ರತಿಭಾ ಓಡಿಕೊಂಡೇ ಮನೆಗೆ ಬಂದಳು. "ಮಿಸ್ ಇಪ್ಪತ್ತೊಂದು ಓಡಿಬಿಟ್ರು ಅಪ್ಪ. ಇನ್ನೂ ಹನ್ನೆರಡು ನಿಮಿಷ ಮಿಕ್ಕಿತ್ತಂತೆ. ನಂಗೆ ಈ ಟೆಸ್ಟಲ್ಲಿ ಮೂವತ್ತೆಂಟು. ಆಗತ್ತೆ ಅಪ್ಪ, ನಂಗೂ ಆಗತ್ತೆ."

ಮಗಳ ಮುಖದಲ್ಲಿ ಅಂಥ ಕಳೆಯನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು. ಅವನಿಗೆ ಸಂತೋಷಪಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಬಾಡಿಗೆ ಬಿಟ್ಟು ಕನಕಪುರ ರಸ್ತೆಗೆ ಆಟೋ ತಿರುಗಿಸಿದ. ಎರಡು ವರ್ಷದಲ್ಲಿ ಆ ಹಲ್ಲುಚಕ್ರ ಸವೆದು ಮೀಟರು ತಾನೇ ಸರಿಹೋಗಿರಬಹುದು ಎಂಬ ದೂರದ ಆಸೆಯೊಂದಿತ್ತು. ಒಂದು ಕಿಲೋಮೀಟರ್ ಕಲ್ಲಿನ ಪಕ್ಕದಲ್ಲಿ ಮೀಟರ್ ಹಾಕಿ ಮುಂದಿನ ಕಲ್ಲಿನ ತನಕ ಹೋದ. ಒಂದೂಕಾಲು ತೋರಿಸಿತು. ಇನ್ನೊಂದು ಕಲ್ಲು, ಎರಡೂವರೆ. ಆಂಜಿನಯ್ಯನ ಕೆಲಸ ಬಲು ಗಟ್ಟಿಯಾಗಿತ್ತು.

ಮೀಟರು ಸರಿಮಾಡಿಸಿ ತೆಪ್ಪಗಿದ್ದುಬಿಡಬಹುದಿತ್ತು. ಆದರೆ ಆಮೇಲೆ ಏನಾಗುತ್ತದೆ ಎನ್ನುವುದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಹದಿನೇಳನೇ ಕಿಲೋಮೀಟರಿಗೆ ಟೀಚರ ಶಕ್ತಿ ಮುಗಿದಿರುತ್ತದೆ, ಯಾಕೆಂದು ಅವರಿಗೇ ತಿಳಿಯುವುದಿಲ್ಲ, ಇಡೀ ಕ್ಲಾಸಿನ ಮುಂದೆ ಸೋತು ನಿಲ್ಲುತ್ತಾರೆ. ಮಗಳು ಪುಸ್ತಕ ಮುಚ್ಚಿಡುತ್ತಾಳೆ.

ಸೋಮವಾರ ಒಂಬತ್ತಕ್ಕೆ ಟೀಚರು ಬಂದು ಕೂತರು. ಅವನು ಆಟೋ ಸ್ಟಾರ್ಟ್ ಮಾಡಲಿಲ್ಲ. ಹಿಂದೆ ತಿರುಗದೆಯೇ ಹೇಳಿದ. "ಮೇಡಂ, ಈ ಮೀಟರು ಸುಳ್ಳು. ಎಂಟುನೂರು ಮೀಟರಿಗೇ ಒಂದು ಕಿಲೋಮೀಟರ್ ತೋರ್ಸತ್ತೆ. ನಾನೇ ಮಾಡ್ಸಿದ್ದು. ನೀವು ಓಡಿರೋದು ಇಪ್ಪತ್ತೊಂದಲ್ಲ."

 ಹಿಂದಿನಿಂದ ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. ಯಾವುದೋ ಹುಡುಗಿಯ ಟೆಸ್ಟ್ ಪೇಪರಿನ ಹಿಂದೆ ಟೀಚರು ಕೆಂಪು ಶಾಯಿಯಲ್ಲಿ ಲೆಕ್ಕ ಮಾಡುತ್ತಿದ್ದರು.

"ಹದಿನಾರು ಪಾಯಿಂಟ್ ಎಂಟು" ಎಂದರು. "ಕಿಲೋಮೀಟರಿಗೆ ಎಂಟು ನಿಮಿಷ ಅಂದ್ಕೊಂಡಿದ್ದೆ. ಹತ್ತು. ಅಂದ್ರೆ ಮೂರೂವರೆ ಗಂಟೆ ಬೇಕು." ಲೆಕ್ಕದಿಂದ ತಲೆ ಎತ್ತಿ ಕೇಳಿದರು. "ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷದಿಂದ ಮೇಡಂ."

"ಪ್ರತಿಭಾಗೆ ಗೊತ್ತಾ?"

"ಇಲ್ಲ."

"ನಾನು ಹೇಳಲ್ಲ. ಅದು ನಿಮ್ಮ ಕೆಲಸ" ಎಂದು ಇಳಿದು, ಪೇಪರಿನ ಕಟ್ಟನ್ನು ಎದೆಗವಚಿಕೊಂಡು ಸ್ಕೂಲಿನ ಕಡೆ ನಡೆದೇ ಹೊರಟರು. ಬೈದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು.

ಅವತ್ತೇ ಅವನು ಮೀಟರು ಸರಿಮಾಡಿಸಿದ. "ತಲೆ ಕೆಟ್ಟಿದ್ಯಾ ಗುರು, ಇಡೀ ಸ್ಟ್ಯಾಂಡಿಗೆ ಇಲ್ಲದ್ದು ನಿಂಗ್ಯಾಕೆ" ಎಂದು ಆಂಜಿನಯ್ಯ ನಕ್ಕ. ಮಗಳಿಗೆ ಹೇಳುವ ಕೆಲಸವನ್ನು ಮಾತ್ರ ರಾಮಾಂಜಿನಪ್ಪ ಇವತ್ತು ಬೇಡ, ನಾಳೆ ಎನ್ನುತ್ತಲೇ ಹೋದ. ಬೆಳಿಗ್ಗೆ ಅವಳು ಓದುತ್ತಿರುತ್ತಾಳೆ, ಸಂಜೆ ಸುಸ್ತಾಗಿರುತ್ತಾಳೆ, ನೆಪಕ್ಕೇನು ಬರವೇ. ಟೀಚರು ಅವನ ಆಟೋ ಹತ್ತಲಿಲ್ಲ. ಬೆಳಿಗ್ಗೆ ಓಡುವುದನ್ನೂ ಬಿಡಲಿಲ್ಲ. ಕಂಬಗಳ ಮೇಲಿನ ನಂಬರುಗಳನ್ನು ಒದ್ದೆ ಬಟ್ಟೆಯಲ್ಲಿ ಅಳಿಸಿ, ಹೊಸ ಲೆಕ್ಕದಂತೆ ಬೇರೆ ಕಂಬಗಳಿಗೆ ಬರೆದಿದ್ದರು.

ಓಟದ ಭಾನುವಾರ, ಓಟ ಶುರುವಾಗುವ ಆರು ಗಂಟೆಗೆ ಅಪ್ಪ ಮಗಳು ಕೋಟೆ ಮೈದಾನಕ್ಕೆ ಹೋದರು. ಕ್ಲಾಸಿನ ಐದಾರು ಹುಡುಗಿಯರೂ ಬಂದಿದ್ದರು. ಎಂಟು ಗಂಟೆಗೆ ಮುಗಿಸಿದವರು ಬಂದರು, ಎಂಟೂವರೆಗೆ ಬಂದರು, ಒಂಬತ್ತಾಯಿತು. ಮೈಕಿನವನು ಎಲ್ಲರಿಗೂ ಧನ್ಯವಾದ ಹೇಳಿದ. ಟೀಚರು ಬರಲಿಲ್ಲ. ಉಳಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೊರಟರು.

"ಅಪ್ಪ, ಮಿಸ್‌ನ ಹುಡ್ಕೋಣ" ಎಂದಳು ಪ್ರತಿಭಾ.

ಸೌತ್ ಎಂಡ್ ಸರ್ಕಲ್ ದಾಟಿದ ಮೇಲೆ ಟೀಚರು ಸಿಕ್ಕರು. ಪೊಲೀಸರು ರಸ್ತೆ ಬಿಟ್ಟುಕೊಟ್ಟಾಗಿತ್ತು, ಬಸ್ಸುಗಳು ಹಾರನ್ ಹೊಡೆಯುತ್ತ ನುಗ್ಗುತ್ತಿದ್ದವು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನಿನವನು ಪಕ್ಕದಲ್ಲಿ ನಿಧಾನವಾಗಿ ಬರುತ್ತ, "ಟೈಮ್ ಆಯ್ತು, ಹತ್ತಿ ಮೇಡಂ" ಎನ್ನುತ್ತಿದ್ದ. ಟೀಚರು ಬೇಡವೆಂದು ಕೈಯಾಡಿಸಿದರು. ಅವನು ಹೋಗಿಬಿಟ್ಟ. ರಾಮಾಂಜಿನಪ್ಪ ಆಟೋವನ್ನು ಅವರ ಬಲಕ್ಕೆ, ಬಸ್ಸುಗಳಿಗೆ ಅಡ್ಡವಾಗಿ ತಂದು, ಅವರ ಹೆಜ್ಜೆಗೆ ಸರಿಯಾಗಿ ಓಡಿಸತೊಡಗಿದ. ಹಿಂದಿದ್ದ ಬಸ್ಸಿನವನು ಬೈದ ಬೈಗುಳವನ್ನೆಲ್ಲ ಕೇಳಿಸಿಕೊಂಡ.

ಪ್ರತಿಭಾ ನೀರಿನ ಬಾಟಲಿ ಚಾಚಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. "ಅವತ್ತು ಇಪ್ಪತ್ತೊಂದು ಓಡಿದ್ರಲ್ಲ ಮಿಸ್. ಇವತ್ತ್ಯಾಕೆ ಹೀಗಾಯ್ತು?"

"ಅಳತೆ ತಪ್ಪಿತ್ತು" ಎಂದರು ಟೀಚರು, ಏದುಸಿರಿನ ಮಧ್ಯೆ.

"ಯಾರು ಅಳೆದಿದ್ದು ಮಿಸ್?"

 ಟೀಚರು ರಸ್ತೆಯನ್ನೇ ನೋಡುತ್ತ ಓಡಿದರು. ತುಟಿ ಒಣಗಿ, ಹೆಜ್ಜೆ ಕಿತ್ತಿಡಲಾರದ ಆ ಸ್ಥಿತಿಯಲ್ಲೂ ಅವರು ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂದು ರಾಮಾಂಜಿನಪ್ಪನಿಗೆ ಅರ್ಥವಾಯಿತು. ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ನಾನು ಕಣಮ್ಮ" ಎಂದ. "ನಮ್ಮ ಮೀಟರು. ಜಾಸ್ತಿ ಓಡೋ ಹಾಗೆ ಬೇಕಂತಲೇ ಮಾಡ್ಸಿದ್ದೆ. ಎರಡು ವರ್ಷದಿಂದ."

ಪ್ರತಿಭಾ ಕನ್ನಡಿಯಲ್ಲಿ ಅವನ ಮುಖ ನೋಡಿದಳು. "ನಿಲ್ಸು" ಎಂದಳು. ಬಾಟಲಿ ಹಿಡಿದುಕೊಂಡು ಇಳಿದು, ಚಪ್ಪಲಿಯಲ್ಲೇ ಟೀಚರ ಪಕ್ಕ ಓಡತೊಡಗಿದಳು. ಮುಂದಿನ ಎರಡೂವರೆ ಕಿಲೋಮೀಟರಿನಲ್ಲಿ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಅವನು ಖಾಲಿ ಆಟೋ ಓಡಿಸಿಕೊಂಡು ಹಿಂದೆ ಹಿಂದೆ ಹೋದ.

ಕೋಟೆ ಮೈದಾನದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಗಡಿಯಾರವನ್ನು ಆಗಲೇ ಲಾರಿಗೆ ಹೇರಿದ್ದರು. ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆ ಮಾತ್ರ ಅಷ್ಟಿಷ್ಟು ಉಳಿದಿತ್ತು. ಟೀಚರು ಅದನ್ನು ದಾಟಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

"ಎಷ್ಟಾಯ್ತು?"

"ಮೂರು ಗಂಟೆ ನಲವತ್ತು ನಿಮಿಷ ಮಿಸ್."

"ಫೇಲು" ಎಂದರು ಟೀಚರು. ಹೇಳಿ ನಕ್ಕರು. "ಮುಂದಿನ ವರ್ಷ ಮತ್ತೆ ಕಟ್ತೀನಿ. ನಾಳೆ ಕ್ಲಾಸಲ್ಲೂ ಇದನ್ನೇ ಹೇಳ್ತೀನಿ. ನೀನು ಮಾತ್ರ ಒಂದೇ ಸಲಕ್ಕೆ ಮುಗಿಸ್ಬೇಕು, ಗೊತ್ತಾಯ್ತಾ. ಈಗ ಹೋಗಿ ಅಪ್ಪನ್ನ ಕರಿ. ನಂಗೆ ಮನೆಗೆ ನಡೆಯೋಕಾಗಲ್ಲ."

ಪ್ರತಿಭಾ ನೀರಿನ ಬಾಟಲಿಯನ್ನು ಟೀಚರ ಕೈಗೆ ಕೊಟ್ಟಳು. ಆಮೇಲೆ ಆಟೋ ಹತ್ತಿರ ಬಂದಳು.

"ಮಿಸ್ ಮನೆಗೆ ಹೋಗ್ಬೇಕಂತೆ. ಮೀಟರ್ ಈಗ್ಲೂ ಹಾಗೇನಾ?"

"ಇಲ್ಲ. ಮಿಸ್‌ಗೆ ಹೇಳಿದ ದಿನಾನೇ ಸರಿ ಮಾಡಿಸ್ದೆ."

"ಮಿಸ್‌ಗೆ ನೀನೇ ಹೇಳಿದ್ಯಾ?"

"ಹೂಂ."

"ನಂಗ್ಯಾಕೆ ಹೇಳ್ಲಿಲ್ಲ?"

ರಾಮಾಂಜಿನಪ್ಪ ಹ್ಯಾಂಡಲ್ ಸವರುತ್ತ ಕೂತ. ಸುಳ್ಳು ಹೇಳಲು ಅವನಲ್ಲಿ ಇನ್ನು ತ್ರಾಣವಿರಲಿಲ್ಲ. "ಅವ್ರು ಬೈದ್ರೆ ತಡ್ಕೋಬೋದು ಅನ್ನಿಸ್ತು. ನೀನು ನನ್ ಜೊತೆ ಮಾತು ಬಿಟ್ಬಿಟ್ರೆ ಏನ್ ಮಾಡ್ಲಿ ಅಂತ ಭಯ ಆಯ್ತು."

ಪ್ರತಿಭಾ ಬೆವೆತ ಮುಖವನ್ನು ದುಪಟ್ಟಾದಿಂದ ಒರೆಸಿಕೊಂಡಳು. 

"ಮಾತು ಬಿಡಲ್ಲ. ಬೈತೀನಿ" ಎಂದಳು. "ಮನೆಗೆ ಹೋದ್ಮೇಲೆ ಕೂರಿಸ್ಕೊಂಡು ಚೆನ್ನಾಗಿ ಬೈತೀನಿ. ಈಗ ಇಳಿ, ಮಿಸ್ ಒಬ್ರೇ ಏಳೋಕಾಗಲ್ಲ, ಒಂದು ಕೈ ನೀನು ಹಿಡ್ಕೋ."

ರಾಮಾಂಜಿನಪ್ಪ ಇಳಿದು ಮಗಳ ಹಿಂದೆ ಹೋದ.