ಮಲಪ್ರಭೆಯಿಂದ ಎಳೆದು ತಂದವನು

ಪುಣೆಯ ಕ್ಯಾಂಪಿನಲ್ಲಿ ನನ್ನಷ್ಟು ಬೇಗ ಇಂಗ್ಲಿಷ್ ಕಲಿತವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಮಾರ್ತಾಂಡ ಮಾಸ್ತರರ ಪಾಠ ಅವರ ಹಲ್ಲು ದಾಟುವ ಮೊದಲೇ ನನ್ನ ತಲೆಯಲ್ಲಿ ಕೂತಿರುತ್ತಿತ್ತು. ಅಂಥ ನಾನು ಇಡೀ ಮಳೆಗಾಲ ಒಂದೇ ವಿದ್ಯೆಯ ಬೆನ್ನು ಬಿದ್ದೆ. ಹಿಂದೊಮ್ಮೆ ನನ್ನ ಕೈಲಿ ಏನೇನು ಆಗುತ್ತಿತ್ತು ಎಂಬುದನ್ನು ದೋಣಿ ಕ್ಲಬ್ಬಿನ ಸಾಹೇಬನಿಗೆ ಅವನ ಮಾತಿನಲ್ಲೇ ಹೇಳುವ ವಿದ್ಯೆ ಅದು.

ಕಾರಣವಿತ್ತು. ಮುಳಾ-ಮುಠಾ ಹೊಳೆಯ ದಂಡೆಯ ಆ ಕ್ಲಬ್ಬಿನಲ್ಲಿ ಆಳುಗಳಿಗೆ ಈಜು ಕಲಿಸುವ ಉಸ್ತಾದನ ಜಾಗ ಖಾಲಿಯಾಗಿತ್ತು. ದಂಡೆಯ ಮೇಲೆ ನಿಂತು ಕೂಗಿ ಕಲಿಸಿದರೆ ಸಾಕು, ನೀರಿಗಿಳಿಯಬೇಕಿಲ್ಲ. ಆದರೆ ಒಂದು ಕಾಲಕ್ಕೆ ಗಟ್ಟಿ ಈಜುಗಾರನಾಗಿದ್ದವನೇ ಬೇಕು. ದೇವರು ಈ ಕೆಲಸವನ್ನು ನನ್ನ ಮೈಯಳತೆ ತೆಗೆದುಕೊಂಡೇ ಹೊಲಿದಿದ್ದ. ನನ್ನ ಬಲಗೈ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಲಾರದವನು ಅರಿವೆ ಅಂಗಡಿಗೆ ಯಾಕೆ ಎಂದು ನಮ್ಮ ಮಾಲೀಕ ದೀಪಾವಳಿಯವರೆಗೆ ಮಾತ್ರ ಗಡುವು ಕೊಟ್ಟಿದ್ದ. ಆಮೇಲೆ ಧಾರವಾಡದ ಕಡೆಯ ರೈಲೇ ಗತಿ.

ಭುಜ ಕೆಟ್ಟದ್ದು ನನ್ನ ಗೆಳೆಯ ಮಲಕಪ್ಪನಿಂದ. ನಮ್ಮೂರಲ್ಲಿ ಈಜು ಕಲಿಯುವವರು ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಮಲಪ್ರಭೆಗೆ ಇಳಿಯುವುದು ರೂಢಿ. ಬುರುಡೆ ಬಿಚ್ಚಿಟ್ಟ ದಿನ ಅವನು ಗಂಡಸು. ಮಲಕಪ್ಪನಿಗೆ ಮೀಸೆ ಬಂದರೂ ಬುರುಡೆ ಬಿಟ್ಟಿರಲಿಲ್ಲ. ಒಂದು ಶ್ರಾವಣದಲ್ಲಿ ಹಗ್ಗ ಜಾರಿತು, ಬುರುಡೆ ಒಂದು ದಿಕ್ಕಿಗೆ, ಇವನು ಇನ್ನೊಂದು ದಿಕ್ಕಿಗೆ ಹೊರಟರು. ನಾನು ಹಾರಿದೆ. ಆ ದಿನ ಹೊಳೆ ಅರಬ್ಬೀ ಸಮುದ್ರಕ್ಕಿಂತ ಗೇಣು ಹೆಚ್ಚೇ ಅಗಲವಿತ್ತು. ಮೊಸಳೆಗಳು ನನ್ನನ್ನು ಕಂಡು ಎರಡು ಸಾಲಾಗಿ ನಿಂತು ದಾರಿ ಬಿಟ್ಟವು. ಮಲಕಪ್ಪನ ಜುಟ್ಟು ಹಿಡಿದು ದಂಡೆಗೆ ಎಳೆದು ಹಾಕಿದೆ. ಬಂಡೆಗೆ ಅಪ್ಪಳಿಸಿದ ನನ್ನ ಭುಜ ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ನಾನು ಈಜಿಲ್ಲ.

ಅದೇ ಮಲಕಪ್ಪ ಈಗ ಆ ದೋಣಿ ಕ್ಲಬ್ಬಿನಲ್ಲೇ ಕಾರಕೂನ. ಸಂಜೆ ನನ್ನೊಡನೆ ಪಾಠಕ್ಕೂ ಬರುತ್ತಿದ್ದ. ಮಾಸ್ತರರು ಹೇಳಿಕೊಟ್ಟದ್ದು ಇಷ್ಟು: 'ಕ್ಯಾನ್' ಇವತ್ತಿನ ಬಲ, 'ಕುಡ್' ಹೋದ ಕಾಲದ ಬಲ, ಒಮ್ಮೆ ಹೆಣಗಿ ಸಾಧಿಸಿದ್ದಕ್ಕೆ 'ವಾಜ್ ಏಬಲ್ ಟು'. ಒಬ್ಬ ಎದ್ದು ತನ್ನ ಹಿಂದಿನ ಬಲವನ್ನು ಸಾರಬೇಕು. ಪಕ್ಕದವನು ಎದ್ದು 'ಯೆಸ್, ಹಿ ಕುಡ್' ಎಂದು ಸಾಕ್ಷಿ ನುಡಿಯಬೇಕು. ಎತ್ತು ಹೊತ್ತುಕೊಂಡು ಪರ್ವತಿ ಗುಡ್ಡ ಹತ್ತುತ್ತಿದ್ದೆ ಎಂದೆ. ಮಲಕಪ್ಪ ಎದ್ದು ನಿಂತು ಹೌದೆಂದ. ನಾನು ಸೀನಿದರೆ ಮಾವಿನಮರ ಬೋಳಾಗುತ್ತಿತ್ತು ಎಂದೆ, ಅದಕ್ಕೂ ಹೌದೆಂದ. ಇಂಥ ಸಾಕ್ಷಿ ಇದ್ದರೆ ಪುಣೆಯ ಕೋರ್ಟುಗಳನ್ನೆಲ್ಲ ಗೆದ್ದು ಜೇಬಿಗೆ ಹಾಕಿಕೊಳ್ಳಬಹುದಿತ್ತು.

ಹೊಳೆಯ ಮಾತು ಬಂದಾಗ ಮಾತ್ರ ಅವನಿಗೆ ಕೆಮ್ಮು ಬಂತು. ಮನೆಯ ದಾರಿಯಲ್ಲಿ ಬುದ್ಧಿ ಹೇಳಿದ.

"ಹೊಳಿದೊಂದ ಬಿಟ್ಟಬಿಡೋ ಈರಬಸಪ್ಪ. ಸಾಹೇಬಗ ಎತ್ತಿಂದ ಹೇಳು. ನಕ್ಕೋತ ಕೆಲಸಾ ಕೊಡ್ತಾನ."

"ಈಜ ಕಲಸಾಂವಗ ಎತ್ತ್ಯಾಕ ಬೇಕೋ?" ಎಂದೆ. ಮುಳುಗಿದ್ದನ್ನು ನೆನೆದು ನಾಚುತ್ತಾನೆ, ಪಾಪ, ಅಂದುಕೊಂಡೆ.

ಸಾಹೇಬನ ಮುಂದೆ ನಿಂತ ದಿನ ನನ್ನ ಇಂಗ್ಲಿಷ್ ಕೇಳಿ ಗೋಡೆಯ ಮೇಲಿನ ರಾಜನ ಪಟವೇ ಕಿವಿ ನಿಮಿರಿಸಿತು. ಆದರೆ ಸಮುದ್ರ, ಮೊಸಳೆಗಳನ್ನು ಆ ಭಾಷೆಯಲ್ಲಿ ಹೊಂದಿಸುವ ಶಕ್ತಿ ಇನ್ನೂ ಬಂದಿರಲಿಲ್ಲ. ಹಾಗಾಗಿ ನನ್ನ ಆಯುಷ್ಯದಲ್ಲಿ ಮೊದಲ ಸಲ ನಡೆದದ್ದನ್ನು ನಡೆದಷ್ಟೇ ಹೇಳಿದೆ: ಚೆನ್ನಾಗಿ ಈಜಬಲ್ಲವನಾಗಿದ್ದೆ, ಬುರುಡೆ ಕಳಚಿದ ಗೆಳೆಯನನ್ನು ಪ್ರವಾಹದಿಂದ ಎಳೆದು ತಂದೆ.

ಸಾಹೇಬ ಪೈಪು ಕೆಳಗಿಟ್ಟು ನಕ್ಕ. ತನ್ನ ಮುರುಕು ಹಿಂದುಸ್ತಾನಿಯಲ್ಲಿ, ಇದು ನಮ್ಮ ಮಲಕಪ್ಪನ ಕಥೆಯಲ್ಲವೇ, ಎಂದ. ಇಂಥ ಧೈರ್ಯವಂತನೆಂದೇ ಅವನನ್ನು ಕ್ಲಬ್ಬಿಗೆ ಸೇರಿಸಿಕೊಂಡದ್ದಂತೆ. ಹೊಳೆ ಅದೇ, ಶ್ರಾವಣ ಅದೇ, ಜಾರಿದ ಬುರುಡೆಯೂ ಅದೇ. ಹಾರಿದವನು ಮಾತ್ರ ಮಲಕಪ್ಪ.

ಅವನನ್ನು ಒಳಗೆ ಕರೆಸಿದರು. ಬುರುಡೆ ಕಟ್ಟಿಕೊಂಡು ಮುಳುಗಿದವನು ಇವನೇನಾ ಎಂದು ಸಾಹೇಬ ನನ್ನತ್ತ ಪೈಪು ತೋರಿಸಿದ. ನಾನು ಮಲಕಪ್ಪನ ಮುಖ ನೋಡಿದೆ. ಅವನು ನನ್ನ ಭುಜ ನೋಡಿದ, ಆಮೇಲೆ ನೆಲ ನೋಡಿದ. ಹೌದೆಂದು ತಲೆ ಆಡಿಸಿದ. ಹಾಗಾದರೆ ಇವನಿಗೆ ಈಜು ಬರುತ್ತಿತ್ತೋ ಇಲ್ಲವೋ ಎಂದು ಸಾಹೇಬ ಮತ್ತೆ ಕೇಳಿದ.

"ನೋ ಸರ್," ಎಂದ ಮಲಕಪ್ಪ. "ಹಿ ಕುಡ್ ನಾಟ್."

ಮಾಸ್ತರರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಅಷ್ಟು ಸ್ವಚ್ಛ ಉಚ್ಚಾರ. ನಾನು ರಾಜನ ಪಟಕ್ಕೊಂದು ಸಲಾಮು ಹೊಡೆದು ಹೊರಗೆ ಬಂದೆ.

ದೋಣಿ ಕಟ್ಟುವ ಮೆಟ್ಟಿಲ ತನಕ ಅವನು ನನ್ನ ಹಿಂದೆ ಬಂದ. ಮಳೆಗೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು.

"ಶಿವಬಸವ್ವಗೂ ಹಂಗ ಹೇಳೀನೋ," ಎಂದ. ಶಿವಬಸವ್ವ ಅವನ ಹೆಂಡತಿ. "ನಿಶ್ಚಯದಾಗ ಅವರಪ್ಪ ಕೇಳಿದ್ರು, ಬಾಯಿಂದ ಬಂದಬಿಡ್ತು. ಈಗ ಮಕ್ಕಳೂ ನಂಬ್ಯಾವ. ಹೆಂಗ ತಿರುಗಿಸ್ಲಿ?"

"ನನ್ನ ಭುಜಾ ಕೇಳಿ ನೋಡೋ, ಅದು ಹೇಳ್ತದ."

"ನಿನ್ನ ಮಾತ ಯಾರ ನಂಬ್ತಾರ? ನೀ ಮೊಸಳಿ ತರ್ತಿ, ಸಮುದ್ರ ತರ್ತಿ. ನಾ ಬರೇ ನೀರಿತ್ತು, ಮನಷ್ಯಾ ಮುಳಗತಿದ್ದ, ಎಳಕೊಂಡ ಬಂದ್ನಿ ಅಂದೆ. ಎಲ್ಲಾರೂ ನಂಬಿದ್ರು."

ಅವನು ಕೊನೆಯ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದ, ಬೆನ್ನು ನೀರಿಗೆ. ಮೇಲೆ ಕಿಟಕಿಯಲ್ಲಿ ಸಾಹೇಬ ಪೈಪು ಸೇದುತ್ತಿದ್ದ. ನನ್ನ ಎಡಗೈಯ ಒಂದೇ ತಳ್ಳು ಸಾಕಿತ್ತು. ಯಾರಿಗೆ ಈಜು ಬರುತ್ತಿತ್ತು, ಯಾರಿಗೆ ಬರುತ್ತಿರಲಿಲ್ಲ ಎಂಬುದನ್ನು ಇಡೀ ಕ್ಯಾಂಪು ಕಣ್ಣಾರೆ ಕಾಣುತ್ತಿತ್ತು. ಉಸ್ತಾದನ ಕೆಲಸವೂ ಸಂಜೆಯೊಳಗೆ ನನ್ನದಾಗುತ್ತಿತ್ತು.

ಕೈ ಮುಂದೆ ಹೋಯಿತು. ಅವನೂ ಕಂಡ, ಸರಿಯಲಿಲ್ಲ.

ಹಾರಿ ಎಳೆದು ತರಲು ಆ ದಿನದ ಭುಜ ನನಗಿರಲಿಲ್ಲ. ಆ ಕೈಯಿಂದಲೇ ಅವನ ಕೋಟಿನ ತೋಳು ಹಿಡಿದು ಪಾಚಿಗಟ್ಟಿದ ಮೆಟ್ಟಿಲಿಂದ ಈಚೆಗೆ ಎಳೆದು ನಿಲ್ಲಿಸಿದೆ. ಆಮೇಲೆ ಅಂಗಡಿಯ ಮಾಲೀಕನಿಗೆ ಏನು ಹೇಳಬೇಕೆಂದು ಯೋಚಿಸುತ್ತ, ಅವನನ್ನು ಅಲ್ಲೇ ಬಿಟ್ಟು ಮೇಲೆ ಹತ್ತಿದೆ.